ಏಡಿಯು ಪೊರೆ ಕಳಚುವುದೂ ಕಾಲು ಬೆಳೆಸುವುದೂ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯು ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನೀರುಂಡ ನಾಡು. ಇಲ್ಲಿಯ ಕಾಲುವೆಯ ದಂಡೆಗಳಲ್ಲಿ, ಹಳ್ಳದ ಮಗ್ಗುಲಲ್ಲಿ, ಕಬ್ಬಿನ ಹೊಲದ ಬದುವಿನಲ್ಲಿ ಏಡಿಯ ಬಿಲವನ್ನು ಕಾಣದ ವಿದ್ಯಾರ್ಥಿ ವಿರಳ. ದಖ್ಖನದ ಸಿಹಿನೀರಿನ ಏಡಿಗಳಲ್ಲಿ ಬ್ಯಾರಿಟೆಲ್ಫ್ಯೂಸ ಎಂಬ ಕುಲವು ಹೆಸರಾದುದು. ಏಡಿ ಹಿಡಿಯುವವರ ಕೈಗೆ ಕೆಲವೊಮ್ಮೆ ವಿಚಿತ್ರವಾದ ಪ್ರಾಣಿಯೊಂದು ಸಿಕ್ಕುತ್ತದೆ: ಏಳು ಕಾಲುಗಳು ಸರಿಯಾಗಿವೆ, ಎಂಟನೆಯದರ ಜಾಗದಲ್ಲಿ ಸಣ್ಣದೊಂದು ಮೊಗ್ಗು ಮಾತ್ರ ಇದೆ. ಆ ಮೊಗ್ಗಿನ ಕಥೆಯನ್ನೇ ನಾವು ಇಲ್ಲಿ ವಿಚಾರಿಸುವೆವು.

ಹಲ್ಲಿಯ ಬಾಲ ಉದುರಿದರೆ ಅದು ದಿನದಿನಕ್ಕೆ ನಮ್ಮ ಕಣ್ಣೆದುರಿಗೇ ಬೆಳೆಯುತ್ತದೆ. ಏಡಿಗೆ ಈ ಸ್ವಾತಂತ್ರ್ಯವಿಲ್ಲ. ಅದರ ಅಸ್ಥಿಪಂಜರವು ಮೈಯ ಹೊರಗಿದೆ. ಕೈಟಿನ್ ಎಂಬ ವಸ್ತುವಿಗೆ ಸುಣ್ಣ ಸೇರಿ ಗಟ್ಟಿಯಾದ ಆ ಕವಚವು ಹಿಗ್ಗುವುದಿಲ್ಲ. ಆದುದರಿಂದ ಬೆಳೆಯಬೇಕಾದ ಏಡಿಯು ಹಾವಿನಂತೆ ಪೊರೆ ಕಳಚಲೇಬೇಕು. ಮೊದಲು ಒಳಗೆ ಹೊಸ ತೊಗಲು ಸಿದ್ಧವಾಗುತ್ತದೆ. ಹಳೆಯ ಕವಚದ ಸುಣ್ಣದಲ್ಲಿ ಒಂದಂಶವು ಕರಗಿ ಮೈಗೆ ಮರಳುತ್ತದೆ. ಬಳಿಕ ಬೆನ್ನಿನ ಹಿಂಭಾಗ ಬಿರಿದು ಏಡಿಯು ಹಿಮ್ಮುಖವಾಗಿ ಹೊರಬರುತ್ತದೆ. ದಪ್ಪನಾದ ಕೊಂಬಿನ ಮಾಂಸವು ಬುಡದ ಇಕ್ಕಟ್ಟಾದ ಕೀಲಿನಲ್ಲಿ ನುಸುಳುವುದಾದರೂ ಹೇಗೆ? ಅದಕ್ಕೂ ಏರ್ಪಾಡಿದೆ. ಪೊರೆಯ ಕಾಲ ಸಮೀಪಿಸಿದಂತೆ ಆ ಸ್ನಾಯುವಿನ ಪ್ರೋಟೀನನ್ನು ಅಲ್ಲಿಯ ಕಿಣ್ವಗಳೇ ಕರಗಿಸಿ ಅದನ್ನು ಸೊರಗಿಸುತ್ತವೆ! ಹೊರಬಂದ ಏಡಿಯು ನೀರು ತುಂಬಿಕೊಂಡು ಉಬ್ಬಿ, ಹೊಸ ಕವಚ ಬಲಿಯುವವರೆಗೆ ಅವಿತುಕೊಂಡಿರುತ್ತದೆ.

ಈ ಕಾಲವನ್ನು ಗೊತ್ತುಮಾಡುವವರು ಯಾರು? 1905ರಲ್ಲಿ ಅಮೆರಿಕದ ಝೆಲೆನಿ ಎಂಬ ಪ್ರಾಣಿಶಾಸ್ತ್ರಜ್ಞನು ಕಡಲತೀರದ ಒಂದು ಜಾತಿಯ ಏಡಿಗಳ ಕಣ್ಣಿನ ಕಾಂಡಗಳನ್ನು ತೆಗೆದಾಗ ಅವು ಬೇಗ ಬೇಗ ಪೊರೆ ಕಳಚಿದುವು. ಕಣ್ಣಿಗೂ ಪೊರೆಗೂ ಏನು ನಂಟು ಎಂದು ವಾಚಕರು ಕೇಳಬಹುದು. ನಂಟು ನೋಟದ್ದಲ್ಲ. ಆ ಕಾಂಡದೊಳಗಿನ ನರಕೋಶಗಳು ಒಂದು ಚಿಕ್ಕ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತವೆ. ಅದು ಪೊರೆಯನ್ನು ತಡೆಯುವ ಹಾರ್ಮೋನು. ತಡೆಯುವವನಿದ್ದರೆ ಪ್ರೇರಿಸುವವನೂ ಇರಬೇಕಷ್ಟೆ. ತಲೆಯ ಭಾಗದಲ್ಲಿರುವ ‘ವೈ’ ಅಂಗವೆಂಬ ಒಂದು ಜೊತೆ ಗ್ರಂಥಿಗಳೇ ಆ ಪ್ರೇರಕಗಳು. ಇವನ್ನು 1953ರಲ್ಲಿ ಗಾಬೆ ಎಂಬ ವಿಜ್ಞಾನಿಯು ವರ್ಣಿಸಿದನು. ಕಣ್ಣಿನ ಕಾಂಡದ ಅಪ್ಪಣೆ ಸಡಿಲವಾದೊಡನೆ ಇವು ಕೊಲೆಸ್ಟರಾಲಿನಿಂದ ಎಕ್ಡೈಸೋನ್ ಎಂಬ ಹಾರ್ಮೋನನ್ನು ತಯಾರಿಸುತ್ತವೆ. ಏಡಿಯು ಕೊಲೆಸ್ಟರಾಲನ್ನು ತಾನೇ ಮಾಡಿಕೊಳ್ಳಲಾರದು, ಆಹಾರದಿಂದಲೇ ಪಡೆಯಬೇಕು.

ಎಕ್ಡೈಸೋನನ್ನು ಮೊದಲು ಶುದ್ಧರೂಪದಲ್ಲಿ ಬೇರ್ಪಡಿಸಿದವರು ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ (1954). ಅವರು ಅರೆದದ್ದು ಏಡಿಯನ್ನಲ್ಲ, 500 ಕಿಲೋಗ್ರಾಂ ರೇಷ್ಮೆಹುಳುವಿನ ಕೋಶಾವಸ್ಥೆಗಳನ್ನು. ದೊರೆತದ್ದು 25 ಮಿಲಿಗ್ರಾಂ. ಕೀಟಕ್ಕೂ ಏಡಿಗೂ ಒಂದೇ ಬಗೆಯ ಹಾರ್ಮೋನು ಎಂಬುದು ಮುಂದೆ ಖಚಿತವಾಯಿತು. ಈ ಮಾತನ್ನು ನೆನಪಿನಲ್ಲಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ಅಂಗಾಂಶಗಳಲ್ಲಿ ಈ ಹಾರ್ಮೋನು ಇನ್ನಷ್ಟು ಬಲವಾದ ರೂಪವನ್ನು ತಾಳಿ ಕೋಶಕೇಂದ್ರವನ್ನು ಹೊಗುತ್ತದೆ. ಅಲ್ಲಿ ಎರಡು ಪ್ರೋಟೀನುಗಳು ಜೊತೆಗೂಡಿದ ಗ್ರಾಹಕವೊಂದು ಡಿ.ಎನ್.ಎ.ಗೆ ಅಂಟಿಕೊಂಡಿರುತ್ತದೆ. ಬೀಗಕ್ಕೆ ಬೀಗದಕೈ ಹೊಂದಿದಂತೆ ಹಾರ್ಮೋನು ಅದಕ್ಕೆ ಹೊಂದಿದಾಗ, ಅದುವರೆಗೆ ಸುಮ್ಮನಿದ್ದ ಜೀನುಗಳು ಕೆಲಸಕ್ಕೆ ತೊಡಗುತ್ತವೆ. ಹೊಸ ತೊಗಲಿನ ಪ್ರೋಟೀನು, ಹಳೆಯದನ್ನು ಸಡಿಲಿಸುವ ಕಿಣ್ವ, ಎಲ್ಲವೂ ಆ ಜೀನುಗಳ ಆಜ್ಞೆಯಂತೆ ತಯಾರಾಗುತ್ತವೆ.

ಇನ್ನು ಮೊಗ್ಗಿಗೆ ಬರೋಣ. ಶತ್ರುವು ಕಾಲು ಹಿಡಿದರೆ ಏಡಿಯು ಅದನ್ನು ತಾನೇ ಕಳಚಿ ಓಡುತ್ತದೆ. ಕಾಲಿನ ಬುಡದಲ್ಲಿ ಇದಕ್ಕೆಂದೇ ಒಂದು ಮುರಿತದ ಗೆರೆಯಿದೆ. ಅಲ್ಲಿಯ ಪೊರೆಯು ಗಾಯವನ್ನು ಕೂಡಲೆ ಮುಚ್ಚುವುದರಿಂದ ರಕ್ತನಷ್ಟ ಅತ್ಯಲ್ಪ. ಗಾಯದ ಕೆಳಗೆ ಕೋಶಗಳು ಕೂಡಿಕೊಂಡು, ವಿಭಜಿಸಿ, ಪುಟ್ಟ ಕಾಲೊಂದನ್ನು ರಚಿಸುತ್ತವೆ. ಗಂಟು, ಕೀಲು, ಉಗುರು ಎಲ್ಲವೂ ಇರುವ ಆ ಕಾಲು ತೆಳುವಾದ ಚೀಲದೊಳಗೆ, ಮಡಿಸಿಟ್ಟ ಸೀರೆಯಂತೆ, ಪೊರೆ ಕಳಚುವ ದಿನವನ್ನು ಕಾಯುತ್ತದೆ. ಅಂದು ಬಿಚ್ಚಿಕೊಂಡ ಕಾಲು ಹಳೆಯದಕ್ಕಿಂತ ಚಿಕ್ಕದು. ಇನ್ನೂ ಕೆಲವು ಪೊರೆಗಳು ಕಳಚಿದ ಮೇಲೆ ಮಾತ್ರ ಮೊದಲಿನ ಅಳತೆಗೆ ಬರುತ್ತದೆ. 2013ರಲ್ಲಿ ದಾಸ್ ಮತ್ತು ಡ್ಯುರಿಕಾ ಎಂಬ ಸಂಶೋಧಕರು ಕಡಲತೀರದ ಏಡಿಯಲ್ಲಿ ಆರ್.ಎನ್.ಎ. ತುಣುಕುಗಳನ್ನು ಚುಚ್ಚಿ ಮೇಲೆ ಹೇಳಿದ ಗ್ರಾಹಕದ ತಯಾರಿಕೆಯನ್ನು ತಗ್ಗಿಸಿದರು. ಗಾಯದ ಕೆಳಗಿನ ಕೋಶವಿಭಜನೆಗೇ ಅಡ್ಡಿಯಾಯಿತು! ಎಂದರೆ ಮೊಗ್ಗಿನ ಮೊದಲ ಹೆಜ್ಜೆಗೂ ಪೊರೆಯ ಹಾರ್ಮೋನಿನ ಸಂದೇಶವೇ ಬೇಕು.

ಕಾಲು ಪೊರೆಯನ್ನು ಕಾಯುತ್ತದೆ, ಸರಿ. ಪೊರೆಯು ಕಾಲನ್ನು ಕಾಯುವುದೇ? ನಮ್ಮ ಅಭಿಪ್ರಾಯದಲ್ಲಿ ಈ ವಿಷಯದ ಅತ್ಯಂತ ಸ್ವಾರಸ್ಯವಾದ ಭಾಗವು ಇದೇ. 1970ರಲ್ಲಿ ಡೊರೊತಿ ಸ್ಕಿನ್ನರ್ ಮತ್ತು ಗ್ರಹಾಂ ಅವರು ನೆಲದ ಏಡಿಗಳ ಹಲವು ಕಾಲುಗಳನ್ನು ಒಮ್ಮೆಗೇ ಕಳಚುವಂತೆ ಮಾಡಿದಾಗ, ಅವು ವಾಡಿಕೆಗಿಂತ ಬೇಗನೆ ಪೊರೆ ಕಳಚಿದುವು. ಕಣ್ಣಿನ ಕಾಂಡ ಸ್ವಸ್ಥವಾಗಿದ್ದರೂ ಹೀಗಾಯಿತು. ಇದಕ್ಕೆ ತದ್ವಿರುದ್ಧವಾದುದೂ ಉಂಟು: ಪೊರೆಯ ಸಿದ್ಧತೆ ಆರಂಭವಾದ ಮೇಲೆ, ಒಂದು ನಿಶ್ಚಿತ ಘಟ್ಟಕ್ಕೆ ಮುಂಚೆ, ಬೆಳೆಯುತ್ತಿರುವ ಮೊಗ್ಗನ್ನು ಕಿತ್ತರೆ ರಕ್ತದಲ್ಲಿ ಹಾರ್ಮೋನು ಇಳಿಯುತ್ತದೆ, ಎರಡನೆಯ ಮೊಗ್ಗು ಮೂಡುವವರೆಗೆ ಪೊರೆಯು ಮುಂದಕ್ಕೆ ಬೀಳುತ್ತದೆ. ಕೈಕಾಲಿಲ್ಲದ ಮೈಯಲ್ಲಿ ಹೊಸ ಕವಚ ಧರಿಸಿದರೆ ಮುಂದಿನ ಪೊರೆಯವರೆಗೆ ಹಾಗೆಯೇ ಬಾಳಬೇಕಲ್ಲವೆ? ಹೀಗೆ ಗ್ರಂಥಿಯು ಕಾಲಿಗೆ ಆಜ್ಞೆ ಕೊಡುವಂತೆಯೇ ಕಾಲೂ ಗ್ರಂಥಿಗೆ ಸುದ್ದಿ ಕಳುಹುತ್ತದೆ.

ಈಗ ಕೀಟ ಮತ್ತು ಏಡಿಗಳ ನೆಂಟಸ್ತಿಕೆಯ ಮಾತು. ಹಾರ್ಮೋನಿನಂತೆ ಕೈಟಿನ್ನೂ ಇಬ್ಬರಿಗೂ ಸಮಾನ. ಹತ್ತಿ, ತೊಗರಿ ಮುಂತಾದ ಬೆಳೆಗಳ ಹುಳುಗಳಿಗೆ ಬಳಸುವ ನೊವಾಲ್ಯುರಾನಿನಂಥ ಔಷಧಗಳು ಕೈಟಿನ್ ತಯಾರಿಕೆಯನ್ನೇ ತಡೆಯುತ್ತವೆ. ಹೊಸ ತೊಗಲು ಕೂಡಿಬರದೆ ಹುಳುವು ಪೊರೆಯ ಹೊತ್ತಿನಲ್ಲಿ ಸಾಯುತ್ತದೆ. ಬೆನ್ನೆಲುಬುಳ್ಳ ನಮಗೆ ಕೈಟಿನ್ ಇಲ್ಲದ ಕಾರಣ ಈ ವಿಧದ ಅಪಾಯವಿಲ್ಲ. ಆದರೆ ಮಳೆಯ ನೀರಿನೊಡನೆ ಹೊಲದಿಂದ ಹಳ್ಳಕ್ಕೆ ಇಳಿದ ಔಷಧವು ಸಿಗಡಿ, ಏಡಿಗಳ ವರ್ಗಕ್ಕೆ ತೀವ್ರವಾದ ವಿಷ. ಅದು ಹುಳುವಿಗೂ ಏಡಿಗೂ ಭೇದವೆಣಿಸುವುದಿಲ್ಲ. ಪೊರೆಗೆ ಸಿದ್ಧವಾಗುತ್ತಿರುವ ಏಡಿಗೆ ಅದು ತಗಲಿದರೆ ಹೊಸ ಕವಚವೂ ಕೆಡಬಹುದು, ಚೀಲದೊಳಗೆ ಮಡಿಸಿಕೊಂಡು ಕಾಯುತ್ತಿರುವ ಕಾಲೂ ಕೆಡಬಹುದು.