ತಂಗೀ, ಫೋನಿಗೆ ಕೇಳುವ ಕೆಲಸ ಕೊಡು

ಆರು, ಏಳು, ಎಂಟನೆಯ ತರಗತಿಗಳು ನಿನ್ನ ಪಾಲಿಗೆ ಬಂದಿವೆ ಅಂತ ಕೇಳಿ ಖುಷಿಯಾಯಿತು ತಂಗೀ. ನಿಮ್ಮ ಶಾಲೆಗೆ ಆ ದೊಡ್ಡ ಡಿಜಿಟಲ್ ಬೋರ್ಡು ಯಾವಾಗ ಬರುತ್ತದೋ ಅಂತ ದಾರಿ ಕಾಯುತ್ತಿದ್ದೀಯಂತೆ. ಬಂದರೆ ಬರಲಿ. ಅಲ್ಲಿಯವರೆಗೆ ನಿನ್ನ ಕೈಯಲ್ಲಿರುವ ಒಂದು ಫೋನು ಸಾಕು. ಮಕ್ಕಳಿಗೆ ಪಾಠ ತೋರಿಸುವುದಕ್ಕಿಂತ ಮಕ್ಕಳ ಮಾತು ಕೇಳಿಸಿಕೊಳ್ಳಲಿಕ್ಕೆ ಅದನ್ನು ಹೆಚ್ಚು ಬಳಸು.

ಇದನ್ನು ತೆಲಂಗಾಣದ ನಮ್ಮ ಜಹೀರಾಬಾದ್ ಸೀಮೆಯ ಹೆಣ್ಣುಮಕ್ಕಳೇ ಮಾಡಿ ತೋರಿಸಿದ್ದಾರೆ. ಮಾಚನೂರಿನ ಸಂಘಂ ರೇಡಿಯೊ ನಿನಗೆ ಗೊತ್ತಿರಬೇಕು. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ಹೆಂಗಸರು, ಬಹಳಷ್ಟು ಜನ ದಲಿತರು, ತುಂಡು ಹೊಲದವರು, 1998ರಲ್ಲೇ ಯುನೆಸ್ಕೊ ನೆರವಿನಿಂದ ಸ್ಟುಡಿಯೊ ಮಾಡಿಕೊಂಡರು. ಪ್ರಸಾರ ಮಾಡಲು ಅನುಮತಿ ಇರಲಿಲ್ಲ. ಹಾಗಂತ ಬೀಗ ಹಾಕಿ ಕೂರಲಿಲ್ಲ. ಬೀಜದ ಮಾತು, ಹಾಡು, ಹೊಲದ ಸಂಗತಿ ಎಲ್ಲವನ್ನೂ ಟೇಪಿಗೆ ತುಂಬಿಕೊಂಡು ಸಂಘದ ಸಭೆಗಳಲ್ಲಿ ಕೇಳಿಸಿದರು. ಸ್ವಯಂಸೇವಾ ಸಂಸ್ಥೆಗಳೂ ಸಮುದಾಯ ಬಾನುಲಿ ನಡೆಸಬಹುದು ಎಂಬ ನೀತಿ ಬಂದದ್ದು 2006ರಲ್ಲಿ. ಕೊನೆಗೆ 2008ರ ಅಕ್ಟೋಬರ್ 15ರಂದು ಅವರ ದನಿ ಗಾಳಿಗೇರಿತು. ಅವರ ಹತ್ತಿರ ಹೇಳುವುದು ಬೇಕಾದಷ್ಟಿತ್ತು, ಯಂತ್ರ ಆಮೇಲೆ ಬಂತು. ನಿನ್ನ ತರಗತಿಯಲ್ಲೂ ಅದೇ ಕ್ರಮ ಇರಲಿ.

ನಮ್ಮ ಮಕ್ಕಳ ಹತ್ತಿರ ಹೇಳಲಿಕ್ಕೆ ಏನೂ ಇಲ್ಲವೆಂದಲ್ಲ. ಯಾವ ಭಾಷೆಯಲ್ಲಿ ಹೇಳಬೇಕು ಅನ್ನುವುದೇ ಅವಕ್ಕೆ ತೊಡಕು. 1956ರಲ್ಲಿ ರಾಜ್ಯಗಳನ್ನು ಹಂಚುವಾಗ ಬೀದರ್ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡ ಮೇದಕಕ್ಕೆ ಹೋದವು, ಗುಲಬರ್ಗಾದ ತಾಂಡೂರು ಹೈದರಾಬಾದ್ ಜಿಲ್ಲೆಗೆ ಸೇರಿತು. ಮನೆಯೊಳಗಿನ ಕನ್ನಡ ಮಾತ್ರ ಅಲ್ಲೇ ಉಳಿಯಿತು. ತಾಂಡಾದ ಮಕ್ಕಳದು ಲಂಬಾಣಿ, ಪೇಟೆಯ ಅರ್ಧ ಮಕ್ಕಳದು ಉರ್ದು. ಇವೆಲ್ಲದರ ಮೇಲೆ 2022-23ರಿಂದ ಸರ್ಕಾರಿ ಶಾಲೆಗೆ ಇಂಗ್ಲಿಷ್ ಮಾಧ್ಯಮ ಬಂತು. ಒಂದು ಪುಟ ತೆಲುಗು, ಎದುರು ಪುಟ ಇಂಗ್ಲಿಷ್ ಇರುವ ಪುಸ್ತಕ ಬಂತು. ಎರಡೂ ಪುಟದಲ್ಲಿ ತನ್ನ ಮನೆಮಾತಿಲ್ಲದ ಹುಡುಗ ಬಾಯಿ ಮುಚ್ಚಿ ಕೂತರೆ ಅವನಿಗೆ ವಿಜ್ಞಾನ ಬರುವುದಿಲ್ಲ ಅಂತ ಬರೆದುಬಿಡಬೇಡ.

ಪಾಠ ಮುಗಿದ ಮೇಲೆ ಅವನನ್ನು ಜಗುಲಿಗೆ ಕರೆದು ಫೋನಿನ ರೆಕಾರ್ಡರ್ ಒತ್ತು. "ಇವತ್ತಿನದನ್ನು ನಿಮ್ಮ ಅವ್ವನಿಗೆ ಹೇಗೆ ಹೇಳ್ತೀಯೋ ಹಾಗೆ ಹೇಳು" ಅನ್ನು. ಒಂದೇ ನಿಮಿಷ. ಕನ್ನಡವಾಗಲಿ ಲಂಬಾಣಿಯಾಗಲಿ, ತಿದ್ದಬೇಡ. ಲಂಬಾಣಿ ನಿನಗೆ ತಿಳಿಯದಿದ್ದರೆ ಇನ್ನೊಬ್ಬ ಹುಡುಗಿ ಅರ್ಥ ಹೇಳುತ್ತಾಳೆ, ಅವಳಿಗೂ ಪಾಠ ಎರಡನೇ ಸಲ ಆದಂತಾಗುತ್ತದೆ. ದಿನಕ್ಕೆ ನಾಲ್ಕೈದು ಮಕ್ಕಳು ಸಾಕು. ಎಲ್ಲಿ ಎಡವಿದರು ಅಂತ ಸಂಜೆ ಕೇಳಿದರೆ ನಾಳೆಯ ಪಾಠ ಎಲ್ಲಿಂದ ಶುರು ಅನ್ನುವುದು ತಿಳಿಯುತ್ತದೆ.

ವಿಡಿಯೊ ತೋರಿಸಬೇಡ ಅನ್ನುತ್ತಿಲ್ಲ. 2017ರಲ್ಲಿ ಶುರುವಾದ ಸರ್ಕಾರದ ದೀಕ್ಷಾ ಜಾಲತಾಣದಲ್ಲಿ ಪಾಠಗಳು ರಾಶಿ ಇವೆ. ಕರ್ನಾಟಕದ ಪಠ್ಯಪುಸ್ತಕಗಳ ಪಿಡಿಎಫ್ ಪುಕ್ಕಟೆ ಸಿಗುತ್ತವೆ, ಮನೆಯಲ್ಲಿ ಕನ್ನಡ ಓದಿಸುವವರಿಗೆ ಕಳಿಸು. ಆದರೆ ತೋರಿಸುವ ಮುಂಚೆ ಮಕ್ಕಳಿಂದ ಊಹೆ ಕೇಳಿಬಿಡು. ಒಂದೇ ಥರದ ಎರಡು ಬಲ್ಬು, ಒಂದರ ಹಿಂದೆ ಒಂದು ಜೋಡಿಸಿದರೆ ಯಾವುದು ಹೆಚ್ಚು ಬೆಳಗುತ್ತದೆ? ಎಷ್ಟೋ ಮಕ್ಕಳು "ಮೊದಲನೆಯದು" ಅನ್ನುತ್ತವೆ, ವಿದ್ಯುತ್ತು ಅಲ್ಲೇ ಖರ್ಚಾಗುತ್ತದೆ ಅಂತ ಅವುಗಳ ಲೆಕ್ಕ. ಸ್ಲೇಟಿನ ಮೇಲೆ ಬರೆಸು. ನೆಟ್ ಇದ್ದರೆ ಪ್ಲಿಕರ್ಸ್ ಅನ್ನುವ ಆ್ಯಪ್ ಇದೆ: ಮಕ್ಕಳು ಮುದ್ರಿಸಿದ ಚೀಟಿಯನ್ನು ಉತ್ತರಕ್ಕೆ ತಕ್ಕಂತೆ ತಿರುಗಿಸಿ ಹಿಡಿಯುತ್ತಾರೆ, ನಿನ್ನ ಒಂದು ಫೋನು ಎಲ್ಲರ ಉತ್ತರವನ್ನೂ ಓದಿಬಿಡುತ್ತದೆ. ಆಮೇಲೆ ಬಲ್ಬು ನಿಜವಾಗಿ ಹೊತ್ತಿಸು. ಎರಡೂ ಸಮ ಬೆಳಗಿದಾಗ "ಯಾಕೆ?" ಅಂತ ಅವರೇ ಕೇಳುತ್ತಾರೆ. ತಂತಿಯೊಳಗೆ ಕಣ್ಣಿಗೆ ಕಾಣದ ಹರಿವನ್ನು ತೋರಿಸಲಿಕ್ಕೆ ಆಗ ಫೆಟ್ ಅನುಕರಣೆ ತೆಗೆ, ಕೊಲರಾಡೊ ವಿಶ್ವವಿದ್ಯಾಲಯದ್ದು, ಪುಕ್ಕಟೆ.

ಕಣ್ಣೆದುರು ಇರುವುದಕ್ಕೆ ಪರದೆ ಯಾಕೆ? ತಾಂಡೂರಿನ ಮಕ್ಕಳು ಕಲ್ಲಿನ ಗಣಿಗಳ ನಡುವೆ ಬೆಳೆದವರು. ಆಮ್ಲದ ಪಾಠಕ್ಕೆ ಸುಣ್ಣಕಲ್ಲಿನ ವಿಡಿಯೊ ಹುಡುಕುವುದು ನನಗೆ ನಗು ತರಿಸುತ್ತದೆ. ಮನೆ ಮುಂದಿನ ಫರಸಿ ಕಲ್ಲನ್ನು ಕೆರೆದು ಪುಡಿ ಮಾಡಿಸು, ಮೇಲೆ ನಿಂಬೆರಸ ಬಿಡಿಸು. ಸಣ್ಣ ಗುಳ್ಳೆಗಳು ಹಿಂದಿನ ಬೆಂಚಿಗೆ ಕಾಣುವುದಿಲ್ಲ. ಫೋನಿನ ಕ್ಯಾಮೆರಾ ಹತ್ತಿರ ಹಿಡಿದು ದೊಡ್ಡದು ಮಾಡಿ ತೋರಿಸು.

ನಾರಾಯಣಖೇಡದ ತಾಂಡಾಗಳಿಂದ ಕಬ್ಬು ಕಡಿಯಲು ಹೋಗುವವರ ಮಕ್ಕಳ ಸಂಗತಿ ಇನ್ನೂ ಕಷ್ಟದ್ದು. ಅವರ ಜೊತೆ ಹೋದ ಮಕ್ಕಳು ತಿಂಗಳುಗಟ್ಟಲೆ ಬರುವುದಿಲ್ಲ, ಬಂದಾಗ ತರಗತಿ ಎಷ್ಟೋ ಮುಂದೆ ಹೋಗಿರುತ್ತದೆ. ಅವರಪ್ಪನ ಫೋನಿಗೆ ಉದ್ದ ವಿಡಿಯೊ ಕಳಿಸಿದರೆ ಡೇಟಾ ಮುಗಿಯುತ್ತದೆ, ಬೈಗುಳ ಮಗುವಿಗೆ. ವಾರಕ್ಕೊಂದು ಧ್ವನಿ ಸಂದೇಶ, ಕೊನೆಗೆ ಒಂದು ಪ್ರಶ್ನೆ, ಅಷ್ಟೇ ಕಳಿಸು. ಉತ್ತರವನ್ನು ಮಗು ತನ್ನ ದನಿಯಲ್ಲೇ ಹೇಳಲಿ. ಎಲ್ಲರೂ ಹೇಳುವುದಿಲ್ಲ. ಹೇಳಿದವರ ಹೆಸರು ಹಾಜರಿ ಪುಸ್ತಕದಲ್ಲಿ ಇನ್ನೂ ಜೀವಂತ ಇರುತ್ತದೆ, ಮರಳಿ ಬರುವಾಗ ನಾಚಿಕೆ ಕಡಿಮೆ.

ಯಂತ್ರ ಕೊಟ್ಟರೆ ಕಲಿಕೆ ತಾನೇ ಬರುತ್ತದೆ ಅಂತ ನಂಬುವವರಿಗೆ ಪೆರು ದೇಶದ ಕಥೆ ಹೇಳು. ಅಲ್ಲಿ ಮಕ್ಕಳಿಗೆ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಹಂಚಿದರು. 2012ರಲ್ಲಿ ಪ್ರಕಟವಾದ ಅಧ್ಯಯನ ನೋಡಿದರೆ ಗಣಿತದಲ್ಲೂ ಭಾಷೆಯಲ್ಲೂ ಹೇಳಿಕೊಳ್ಳುವಂಥ ಸುಧಾರಣೆ ಇರಲಿಲ್ಲ.

ಇನ್ನೊಂದು. ಮಕ್ಕಳ ದನಿ, ಮುಖ ಯಾವ ವಾಟ್ಸಾಪ್ ಗುಂಪಿಗೂ ಹೋಗಬಾರದು, ಮೇಲಿನವರು "ಚಟುವಟಿಕೆ ಫೋಟೊ ಹಾಕಿ" ಅಂದರೂ ಸ್ಲೇಟಿನ ಫೋಟೊ ಹಾಕು. ರೆಕಾರ್ಡಿಂಗಿಗೆ ಪಾಠದ ಹೆಸರು, ತಾರೀಖು ಕೊಟ್ಟು ಇಟ್ಟುಕೋ. ಜೂನ್‌ನದನ್ನು ಜನವರಿಯಲ್ಲಿ ಅದೇ ಹುಡುಗನಿಗೆ ಕೇಳಿಸಿ, ತನ್ನ ತಪ್ಪು ತಾನೇ ಹುಡುಕಲು ಹೇಳು. ವರ್ಷ ಮುಗಿದ ಮೇಲೆ ಎಲ್ಲ ಅಳಿಸಿಬಿಡು, ಫೋನಿನಲ್ಲಿ ಮುಂದಿನ ತರಗತಿಗೆ ಜಾಗ ಬೇಕಲ್ಲ.