ಜಾಲತಾಣದ ಹೆಬ್ಬಾಗಿಲು

ಹಳೆಯ ಕಾಲದ ದೊಡ್ಡ ಮನೆಗಳನ್ನು ವಾಚಕರು ನೋಡಿರಬಹುದು. ಮೊದಲು ಎರಡೇ ಅಂಕಣದ ಮನೆ. ಸಂಸಾರ ಬೆಳೆದಂತೆಲ್ಲ ಹಿಂದೊಂದು ಕೋಣೆ, ಪಕ್ಕದಲ್ಲೊಂದು ಉಗ್ರಾಣ, ಆಚೆಗೊಂದು ಜಗಲಿ ಸೇರುತ್ತ ಹೋಗುತ್ತವೆ. ಮನೆಯವರು ಕತ್ತಲೆಯಲ್ಲಿಯೂ ಎಡವದೆ ಓಡಾಡುತ್ತಾರೆ. ಹೊಸದಾಗಿ ಬಂದ ನೆಂಟನಿಗಾದರೋ ಬಚ್ಚಲುಮನೆ ಎಲ್ಲಿದೆಯೆಂಬುದೇ ತಿಳಿಯದು. ಆತನ ತೊಡಕು ಮನೆಯವರ ಗಮನಕ್ಕೆ ಬರುವುದೂ ಇಲ್ಲ. ಏಕೆಂದರೆ ಅವರು ಆ ಮನೆಯನ್ನು ಹೊಸಬರ ಕಣ್ಣಿನಿಂದ ನೋಡಿ ಎಷ್ಟೋ ವರ್ಷಗಳಾಗಿರುತ್ತವೆ.

ಸ್ವಯಂಸೇವಕರು ಕೂಡಿ ನಡೆಸುವ ಮುಕ್ತ ತಂತ್ರಾಂಶ ಯೋಜನೆಗಳ ಜಾಲತಾಣಗಳು ಬಹುಮಟ್ಟಿಗೆ ಹೀಗೆಯೇ ಬೆಳೆಯುತ್ತವೆ. ಅಂತಹ ತಾಣವೊಂದನ್ನು ಮತ್ತೆ ಕಟ್ಟುವುದೆಂದರೇನು? ಅದರಲ್ಲಿ ಅಳತೆಗೆ ಸಿಕ್ಕುವುದೆಷ್ಟು, ಜನರ ಒಪ್ಪಿಗೆಯಿಂದಲೇ ಆಗಬೇಕಾದುದೆಷ್ಟು? ಡೆಬಿಯನ್ ಎಂಬ ಯೋಜನೆಯನ್ನು ನಿದರ್ಶನವಾಗಿಟ್ಟುಕೊಂಡು ಇದನ್ನು ಪರಿಶೀಲಿಸೋಣ.

ಡೆಬಿಯನ್ ಎಂದರೇನು?

ಗಣಕಯಂತ್ರದ ಯಂತ್ರಭಾಗಗಳಿಗೂ ನಾವು ದಿನವೂ ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಕೆಲಸ ನಡೆಸಿಕೊಡುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ಡೆಬಿಯನ್ ಅಂತಹುದೊಂದು. ಇದನ್ನು 1993ರ ಆಗಸ್ಟ್ 16ರಂದು ಇಯಾನ್ ಮರ್ಡಾಕ್ ಎಂಬ ಅಮೆರಿಕದ ವಿದ್ಯಾರ್ಥಿ ಆರಂಭಿಸಿದರು. ಅವರ ಗೆಳತಿ ಡೆಬ್ರಾಳ ಹೆಸರಿನ ಮೊದಲ ಭಾಗವೂ ಅವರ ಸ್ವಂತ ಹೆಸರೂ ಕೂಡಿ ಈ ಪದವಾಯಿತು. ಇದಕ್ಕೆ ಒಡೆಯನಾದ ಕಂಪನಿ ಯಾವುದೂ ಇಲ್ಲ. ಅನೇಕ ದೇಶಗಳ ಸ್ವಯಂಸೇವಕರು ಸೇರಿ ಇದನ್ನು ಕಟ್ಟುತ್ತಾರೆ. ತಮ್ಮದೇ ಆದ ಸಂವಿಧಾನದಂತೆ ವರ್ಷಕ್ಕೊಮ್ಮೆ ನಾಯಕನನ್ನು ಚುನಾಯಿಸುತ್ತಾರೆ, ದೊಡ್ಡ ಪ್ರಶ್ನೆಗಳನ್ನು ಮತಕ್ಕೆ ಹಾಕುತ್ತಾರೆ.

ಈ ಯೋಜನೆಯ ಜಾಲತಾಣವು ಸುಮಾರು 13 ವರ್ಷ ಹೆಚ್ಚುಕಡಮೆ ಒಂದೇ ರೂಪದಲ್ಲಿದ್ದಿತು. 2011ರ ಫೆಬ್ರವರಿ 6ರಂದು, ಡೆಬಿಯನ್ನಿನ ಆರನೆಯ ಆವೃತ್ತಿ ಹೊರಬಂದ ದಿನವೇ, ಅದಕ್ಕೆ ಹೊಸ ಉಡುಪು ದೊರೆಯಿತು. ಆದರೂ ಮುಖಪುಟದಲ್ಲಿ ಕೊಂಡಿಗಳ ಸಾಲುಗಳು ತುಂಬಿಯೇ ಇದ್ದವು. ತಂತ್ರಾಂಶವನ್ನು ಇಳಿಸಿಕೊಳ್ಳುವ ಕೊಂಡಿಯು ಒಂದು ಮೂಲೆಯಲ್ಲಿ ಚಿಕ್ಕದಾಗಿದ್ದಿತು. ಮುಖಪುಟವನ್ನು ಮತ್ತೆ ಬರೆದು, ಡೆಬಿಯನ್ ಎಂದರೇನೆಂಬ ಮಾತನ್ನೂ ಇಳಿಸಿಕೊಳ್ಳುವ ದೊಡ್ಡ ಗುಂಡಿಯನ್ನೂ ಮೊದಲಿಗೆ ತಂದುದು 2020ರ ಡಿಸೆಂಬರಿನಲ್ಲಿ.

ಇಷ್ಟು ಸರಳವಾದ ಮಾರ್ಪಾಟಿಗೆ ಅಷ್ಟು ಕಾಲ ಏಕೆ ಹಿಡಿಯಿತೆಂದು ವಾಚಕರು ಕೇಳಬಹುದು. ತೊಡಕು ಒಳಗಿನವರಿಗೆ ಕಾಣದಿರುವುದು ಇದಕ್ಕೊಂದು ಕಾರಣ. ಕಾಣದಿರುವುದೇಕೆಂಬುದನ್ನು ಲೆಕ್ಕದಿಂದಲೇ ತೋರಿಸಬಹುದು.

ಬಲ್ಲವನ ಕಾಲ, ಅರಿಯದವನ ಕಾಲ

1952ರಲ್ಲಿ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ವಿಲಿಯಂ ಹಿಕ್ ಒಂದು ಪ್ರಯೋಗವನ್ನು ಪ್ರಕಟಿಸಿದರು. ಹಲವು ದೀಪಗಳಲ್ಲಿ ಯಾವುದು ಹೊತ್ತಿಕೊಳ್ಳುವುದೋ ಅದಕ್ಕೆ ಹೊಂದುವ ಗುಂಡಿಯನ್ನು ಕುಳಿತವನು ಒತ್ತಬೇಕು. ದೀಪಗಳ ಸಂಖ್ಯೆ ಹೆಚ್ಚಿದಂತೆ ಉತ್ತರಕ್ಕೆ ಹಿಡಿಯುವ ಕಾಲವೂ ಹೆಚ್ಚುತ್ತದೆ. ಆದರೆ ನಿಧಾನವಾಗಿ ಹೆಚ್ಚುತ್ತದೆ. ಆಯ್ಕೆಗಳ ಸಂಖ್ಯೆಗೆ ಒಂದನ್ನು ಕೂಡಿಸಿ, ಎರಡನ್ನು ಆಧಾರವಾಗಿಟ್ಟು ಲಾಗರಿದಮ್ ತೆಗೆದರೆ ಎಷ್ಟು ಬರುವುದೋ ಕಾಲವು ಅದಕ್ಕೆ ಅನುಪಾತದಲ್ಲಿರುತ್ತದೆ. ಹೀಗಾಗಿ 7 ಆಯ್ಕೆಗಳಿಗೆ 3 ಮಾನ, 15ಕ್ಕೆ 4, 31ಕ್ಕೆ 5.

ಈ ನಿಯಮವು ಅನ್ವಯಿಸುವುದು ಆಯ್ಕೆಗಳನ್ನು ಮೊದಲೇ ಬಲ್ಲವನಿಗೆ ಎಂಬುದನ್ನು ಮರೆಯಬಾರದು. ಅರಿಯದವನು ಕೊಂಡಿಗಳನ್ನು ಒಂದೊಂದಾಗಿ ಓದುತ್ತಲೇ ಹೋಗಬೇಕು. ಬೇಕಾದುದು ಮೊದಲನೆಯದೇ ಆಗಿರಬಹುದು, ಕೊನೆಯದೇ ಆಗಿರಬಹುದು. ಸರಾಸರಿಯಲ್ಲಿ 7 ಕೊಂಡಿಗಳಿದ್ದಲ್ಲಿ 4ನ್ನು, 31 ಇದ್ದಲ್ಲಿ 16ನ್ನು ಓದಬೇಕಾಗುತ್ತದೆ.

ಎರಡನ್ನೂ ಹೋಲಿಸಿ ನೋಡಿರಿ. ಕೊಂಡಿಗಳು 7ರಿಂದ 31ಕ್ಕೆ ಏರಿದಾಗ ಬಲ್ಲವನ ಶ್ರಮ 3ರಿಂದ 5ಕ್ಕೆ ಏರಿತು, ಎರಡರಷ್ಟೂ ಆಗಲಿಲ್ಲ. ಅರಿಯದವನ ಶ್ರಮವಾದರೋ 4ರಿಂದ 16ಕ್ಕೆ ಏರಿ ನಾಲ್ಕರಷ್ಟಾಯಿತು. ತಾಣಕ್ಕೆ ಹೊಸ ಕೊಂಡಿಯನ್ನು ಸೇರಿಸುವವನು ಯಾವಾಗಲೂ ಬಲ್ಲವನೇ. ಅದರ ಬೆಲೆಯನ್ನು ತೆರುವವನು ಅರಿಯದವನು. ಒಳಗಿನವರು ಉದಾಸೀನರಾಗಿರದಿದ್ದರೂ ತೊಡಕನ್ನು ಕಾಣದಿರುವುದು ಈ ಕಾರಣದಿಂದ. ಬಂದವನು ಬೇಸತ್ತು ಹಿಂದಿರುಗಿದರೆ ಆತನು ದೂರು ಕೊಡುವುದಿಲ್ಲ, ಸುಮ್ಮನೆ ಹೋಗಿಬಿಡುತ್ತಾನೆ. ಸಂಬಳವಿಲ್ಲದೆ ನಡೆಯುವ ಯೋಜನೆಗೆ ಇದು ಸಣ್ಣ ನಷ್ಟವಲ್ಲ. ಇಂದಿನ ಬಳಕೆದಾರರಲ್ಲಿ ಕೆಲವರೇ ನಾಳಿನ ಸ್ವಯಂಸೇವಕರಾಗಬೇಕಷ್ಟೆ.

ಐವರು ಪರೀಕ್ಷಕರು

ಹಾಗಾದರೆ ಕಾಣದ ತೊಡಕನ್ನು ಕಾಣುವುದು ಹೇಗೆ? ಹೊಸಬನೊಬ್ಬನನ್ನು ಪರದೆಯ ಮುಂದೆ ಕುಳ್ಳಿರಿಸಿ, ಒಂದು ಕೆಲಸ ಹೇಳಿ, ನಾವು ಬಾಯಿ ಮುಚ್ಚಿಕೊಂಡು ನೋಡುವುದೇ ಉಪಾಯ. ಎಷ್ಟು ಜನರನ್ನು ಕುಳ್ಳಿರಿಸಬೇಕೆಂಬುದಕ್ಕೆ 1993ರಲ್ಲಿ ಯಾಕೋಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ ಒಂದು ಸೂತ್ರವನ್ನು ಕೊಟ್ಟರು. ನೀಲ್ಸನ್ನರು ಪರಿಶೀಲಿಸಿದ ಯೋಜನೆಗಳಲ್ಲಿ ಒಬ್ಬ ಪರೀಕ್ಷಕನಿಂದ ಸರಾಸರಿ ನೂರಕ್ಕೆ 31 ದೋಷಗಳು ಹೊರಬಿದ್ದವು. ಅಂದರೆ 69 ಉಳಿದುವು. ಎರಡನೆಯವನ ನಂತರ 69ರಲ್ಲಿ ನೂರಕ್ಕೆ 69ರಂತೆ 48 ಉಳಿಯುತ್ತವೆ. ಮೂರನೆಯವನ ನಂತರ 33, ನಾಲ್ಕನೆಯವನ ನಂತರ 23, ಐದನೆಯವನ ನಂತರ 16.

ಭೌತಶಾಸ್ತ್ರವನ್ನು ಓದುವ ವಿದ್ಯಾರ್ಥಿಗಳಿಗೆ ಈ ವಕ್ರರೇಖೆಯ ಪರಿಚಯ ಚೆನ್ನಾಗಿಯೇ ಇದೆ. ಗಾಜಿನ ಹಲಗೆಗಳನ್ನು ಒಂದರ ಹಿಂದೊಂದಿಟ್ಟಾಗ ಬೆಳಕು ಕುಗ್ಗುವುದೂ ವಿಕಿರಣ ಧಾತು ಕ್ಷಯಿಸುವುದೂ ಇದೇ ರೀತಿಯಲ್ಲಿ. ಐವರಿಂದಲೇ ನೂರಕ್ಕೆ 84 ದೋಷಗಳು ಸಿಕ್ಕುವುದಾದರೆ, ಹಣವಿಲ್ಲದ ಸ್ವಯಂಸೇವಕರಿಗೂ ಈ ಪರೀಕ್ಷೆ ಎಟುಕುತ್ತದೆ. ಆದರೆ 31 ಎಂಬುದು ಸರಾಸರಿಯೇ ಹೊರತು ಪ್ರಕೃತಿ ನಿಯಮವಲ್ಲ. ದೋಷಗಳು ಸೂಕ್ಷ್ಮವಾಗಿದ್ದಲ್ಲಿ ಹೆಚ್ಚು ಜನರು ಬೇಕಾಗುತ್ತಾರೆ.

ಬಣ್ಣದ ಜಗಳಕ್ಕೆ ಅಳತೆಗೋಲು

ತಾಣದ ಪುನರ್ರಚನೆಯೆಂದೊಡನೆ ಎಲ್ಲರೂ ಅಭಿಪ್ರಾಯ ಹೇಳತೊಡಗುವ ವಿಷಯ ಬಣ್ಣ. ರುಚಿಯ ವಾದಕ್ಕೆ ಕೊನೆಯಿಲ್ಲ. ಅಕ್ಷರ ಓದಲು ಬರುವುದೋ ಇಲ್ಲವೋ ಎಂಬುದನ್ನು ಮಾತ್ರ ಅಳೆಯಬಹುದು. 2008ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯೊಂದು ಇದಕ್ಕೆ ಹೀಗೆ ಲೆಕ್ಕ ಹೇಳುತ್ತದೆ: ಪರದೆಯ ಅಚ್ಚ ಬಿಳುಪಿನ ಪ್ರಕಾಶವನ್ನು 1 ಎಂದೂ ಕಪ್ಪನ್ನು 0 ಎಂದೂ ಇಟ್ಟುಕೊಂಡು, ಹಿನ್ನೆಲೆಯ ಪ್ರಕಾಶಕ್ಕೂ ಅಕ್ಷರದ ಪ್ರಕಾಶಕ್ಕೂ 0.05ನ್ನು ಕೂಡಿಸಿ, ದೊಡ್ಡದನ್ನು ಚಿಕ್ಕದರಿಂದ ಭಾಗಿಸಬೇಕು. ಈ 0.05 ಎಂಬುದು ಕೋಣೆಯ ಬೆಳಕು ಪರದೆಯ ಮೇಲೆ ಬಿದ್ದು ಪ್ರತಿಫಲಿಸುವುದಕ್ಕೆ ಬಿಟ್ಟ ಪಾಲು. ಬಿಳಿಯ ಮೇಲೆ ಕಪ್ಪಿಗೆ 1.05 ಭಾಗಿಸು 0.05, ಅಂದರೆ 21 ಬರುತ್ತದೆ. ಸಾಧಾರಣ ಗಾತ್ರದ ಅಕ್ಷರಗಳಿಗೆ 4.5ಕ್ಕಿಂತ ಕಡಮೆಯಿರಬಾರದು. ಬಿಳುಪಿನ ಅರ್ಧದಷ್ಟು ಬೆಳಕು ಸೂಸುವ ಬೂದುಬಣ್ಣದ ಅಕ್ಷರಕ್ಕೆ ಬರುವುದು 1.9 ಮಾತ್ರ. ಅದು ಎಷ್ಟೇ ಅಂದವಾಗಿ ತೋರಿದರೂ ಮಂದದೃಷ್ಟಿಯವರಿಗೆ ಮುಚ್ಚಿದ ಬಾಗಿಲೇ ಸರಿ.

ಅನುವಾದಕರ ದುಡಿಮೆ

ಅಳತೆಗೆ ಸಿಕ್ಕದ ಭಾಗವನ್ನು ಇನ್ನು ನೋಡೋಣ. ಡೆಬಿಯನ್ ತಾಣದ ಪುಟಗಳನ್ನು ಸ್ವಯಂಸೇವಕರು ಅನೇಕ ಭಾಷೆಗಳಿಗೆ ಅನುವಾದಿಸುತ್ತಾರೆ. ಓದುಗನ ಬ್ರೌಸರು ತನಗೆ ಬೇಕಾದ ಭಾಷೆಯನ್ನು ತಿಳಿಸುತ್ತದೆ. ಆ ಭಾಷೆಯ ಪುಟವಿದ್ದರೆ ತಾಣವು ಅದನ್ನೇ ಕಳುಹಿಸುತ್ತದೆ. ಪ್ರತಿಯೊಂದು ಅನುವಾದದಲ್ಲಿಯೂ ಅದು ಮೂಲದ ಯಾವ ಪರಿಷ್ಕರಣವನ್ನು ಅನುಸರಿಸಿದೆಯೆಂಬ ಗುರುತಿರುತ್ತದೆ. ಮೂಲವು ಮುಂದೆ ಹೋಗಿ ಅನುವಾದ ಬಹಳ ಹಿಂದುಳಿದರೆ, ಪುಟವು ಹಳತಾಗಿದೆಯೆಂದು ಓದುಗನಿಗೆ ಎಚ್ಚರಿಕೆ ಕಾಣುತ್ತದೆ. ಆದುದರಿಂದ ಮುಖಪುಟದಲ್ಲಿ ಒಂದು ವಾಕ್ಯ ಬದಲಾದರೂ, ಹಗಲು ತಮ್ಮ ಉದ್ಯೋಗ ಮುಗಿಸಿ ರಾತ್ರಿ ಅನುವಾದಕ್ಕೆ ಕೂರುವ ಎಷ್ಟೋ ಮಂದಿಗೆ ಹೊಸ ಕೆಲಸ ಬಂದಂತೆ. ಡೆಬಿಯನ್ ಸ್ಥಾಪಿಸುವಾಗ ಚಿತ್ರರೂಪದ ಪರದೆಯ ಭಾಷಾಪಟ್ಟಿಯಲ್ಲಿ ಕನ್ನಡವೂ ಕಾಣುತ್ತದೆ. ಅದೂ ಇಂತಹ ದುಡಿಮೆಯ ಫಲವೇ. ಇಲ್ಲಿ ಅಪ್ಪಣೆ ಮಾಡಿ ಕೆಲಸ ಮಾಡಿಸುವಂತಿಲ್ಲ. ಜಾಲತಾಣದ ತಂಡದವರು 2019ರ ಮಾರ್ಚಿಯಲ್ಲಿ ಮ್ಯಾಡ್ರಿಡ್ ನಗರದಲ್ಲಿ ಮೊದಲ ಬಾರಿಗೆ ಒಟ್ಟಿಗೆ ಕುಳಿತು ಕೆಲಸ ಮಾಡಿದರು. ಇಡೀ ಮನೆಯನ್ನು ಕೆಡವದೆ ಹೆಬ್ಬಾಗಿಲನ್ನು ಮೊದಲು ಸರಿಪಡಿಸಿದುದರ ಮರ್ಮವೂ ಇದರಿಂದ ತಿಳಿಯುತ್ತದೆ.

ಗುಂಡಿಯ ಹಿಂದಿನ ಪ್ರಶ್ನೆ

2020ರಲ್ಲಿ ಗುಂಡಿ ದೊಡ್ಡದಾಯಿತು, ಸ್ಪಷ್ಟವಾಯಿತು. ಆದರೂ ಒಂದು ತೊಡಕು ಉಳಿಯಿತು. ಅನೇಕ ಲ್ಯಾಪ್‌ಟಾಪುಗಳ ವೈಫೈ ಭಾಗವು ಕೆಲಸ ಮಾಡಲು ಫರ್ಮ್‌ವೇರ್ ಎಂಬ ಸಣ್ಣ ತಂತ್ರಾಂಶ ಬೇಕು. ತಯಾರಕರು ಎಷ್ಟೋ ವೇಳೆ ಅದರ ಮೂಲ ಬರಹವನ್ನು ಕೊಡುವುದಿಲ್ಲ. ಮುಕ್ತವಲ್ಲದುದನ್ನು ಸೇರಿಸುವುದು ಡೆಬಿಯನ್ನಿನ ತತ್ತ್ವಕ್ಕೆ ಒಗ್ಗದು. ಹೀಗಾಗಿ ಗುಂಡಿ ಒತ್ತಿದವನಿಗೆ ಫರ್ಮ್‌ವೇರ್ ಇಲ್ಲದ ಪ್ರತಿ ದೊರೆಯುತ್ತಿತ್ತು. ಅದು ಸೇರಿದ ಪ್ರತಿ ಅನಧಿಕೃತವೆಂಬ ಹೆಸರಿನಲ್ಲಿ ಬೇರೆಡೆ ಇದ್ದಿತು. ಬಲ್ಲವರು ಅಲ್ಲಿಗೆ ಹೋಗುತ್ತಿದ್ದರು. ಹೊಸಬನು ವೈಫೈ ಇಲ್ಲದ ಯಂತ್ರದ ಮುಂದೆ ಕುಳಿತಿರುತ್ತಿದ್ದನು.

ಇದನ್ನು ಯಾವ ವಿನ್ಯಾಸಕನೂ ತಿದ್ದಲಾರನು. 1997ರಲ್ಲಿ ಅಂಗೀಕರಿಸಿದ ತಮ್ಮ ಸಾಮಾಜಿಕ ಕರಾರಿನಲ್ಲಿ ಡೆಬಿಯನ್ನಿನವರು ಬಳಕೆದಾರರ ಹಿತವನ್ನೂ ಮುಕ್ತ ತಂತ್ರಾಂಶವನ್ನೂ ತಮ್ಮ ಆದ್ಯತೆಗಳೆಂದು ಸಾರಿದ್ದರು. ಎರಡೂ ಒಂದನ್ನೊಂದು ಎದುರಿಸಿದಾಗ ತೀರ್ಮಾನಿಸಬೇಕಾದವರು ಎಲ್ಲ ಸದಸ್ಯರು. ಪ್ರಶ್ನೆ 2022ರಲ್ಲಿ ಮತಕ್ಕೆ ಬಂದಿತು. ಬೇಕಾದ ಫರ್ಮ್‌ವೇರನ್ನು ಅಧಿಕೃತ ಪ್ರತಿಯಲ್ಲಿಯೇ ಸೇರಿಸಬಹುದೆಂದು ನಿರ್ಧಾರವಾಯಿತು, ಕರಾರಿಗೂ ಅದಕ್ಕೆ ತಕ್ಕ ಮಾತು ಸೇರಿತು. 2023ರ ಜೂನ್ 10ರಂದು ಹೊರಬಂದ ಹನ್ನೆರಡನೆಯ ಆವೃತ್ತಿಯಲ್ಲಿ ಅದು ಜಾರಿಗೆ ಬಂದಿತು. ತತ್ತ್ವ ಸಡಿಲವಾಯಿತೆಂದು ನೊಂದವರೂ ಇದ್ದರು. ಅವರ ನೋವನ್ನು ಹುಸಿಯೆನ್ನಲಾಗದು. ಮುಖಪುಟದ ಗೊಂದಲವು ಕೆಲವೊಮ್ಮೆ ಬರಿಯ ಗೊಂದಲವಾಗಿರದೆ ಸಂಘವು ಇನ್ನೂ ತೀರ್ಮಾನಿಸದ ಪ್ರಶ್ನೆಯ ನೆರಳಾಗಿರುತ್ತದೆಯೆಂದು ಇದರಿಂದ ಗೊತ್ತಾಗುತ್ತದೆ.

ವಾಚಕರಿಗೊಂದು ಪ್ರಯೋಗ

ನಿಮ್ಮ ಶಾಲೆಯದೋ ಕಾಲೇಜಿನದೋ ಜಾಲತಾಣವನ್ನು ತೆಗೆದುಕೊಳ್ಳಿರಿ. ಮುಖಪುಟದ ಕೊಂಡಿಗಳನ್ನು ಎಣಿಸಿರಿ. ಅದನ್ನು ಎಂದೂ ನೋಡದ ಐವರನ್ನು, ಸಾಧ್ಯವಾದರೆ ಮುಂದಿನ ವರ್ಷ ಸೇರಬೇಕೆಂದಿರುವವರನ್ನು, ಒಬ್ಬೊಬ್ಬರನ್ನಾಗಿ ಕರೆದು, ಪ್ರವೇಶದ ಅರ್ಜಿಯನ್ನು ಹುಡುಕುವಂತೆ ಹೇಳಿರಿ. ಕಾಲವನ್ನೂ ಅವರು ತಡೆದು ನಿಂತ ಸ್ಥಳವನ್ನೂ ಬರೆದಿಡಿರಿ. ಎಷ್ಟೇ ಮನಸ್ಸಾದರೂ ಬೆರಳಿಟ್ಟು ತೋರಿಸಬೇಡಿರಿ. ಕೊನೆಗೆ ಪಟ್ಟಿಯನ್ನು ಎರಡು ಭಾಗ ಮಾಡಿರಿ: ಪುಟವನ್ನು ತಿದ್ದಿದರೆ ಸರಿಹೋಗುವ ದೋಷಗಳು ಒಂದು ಕಡೆ, ಸಂಸ್ಥೆಯವರೇ ಕುಳಿತು ತೀರ್ಮಾನಿಸಬೇಕಾದುವು ಇನ್ನೊಂದು ಕಡೆ. ಮೊದಲ ಭಾಗವನ್ನು ತಾಣ ನೋಡಿಕೊಳ್ಳುವವರಿಗೂ ಎರಡನೆಯದನ್ನು ಸಂಸ್ಥೆಯ ಮುಖ್ಯಸ್ಥರಿಗೂ ಒಪ್ಪಿಸಿರಿ.