ಅಳಿಸುವ ಮುನ್ನ

ಗಣಕಯಂತ್ರದ ಸಂಗ್ರಹಸ್ಥಳ ಎಷ್ಟೇ ವಿಶಾಲವಾಗಿದ್ದರೂ ಅದು ತುಂಬುವ ದಿನ ಬಂದೇ ಬರುತ್ತದೆ. ಆಪಲ್ ಸಂಸ್ಥೆಯ ಫೋನುಗಳಿಗಾಗಿ ತಂತ್ರಾಂಶ ರಚಿಸುವವರಿಗೆ ಆ ದಿನ ತುಸು ಬೇಗನೆ ಬರುತ್ತದೆ. ಅವರ ಮುಖ್ಯ ಸಾಧನವಾದ ಎಕ್ಸ್‌ಕೋಡ್ 2003ರಲ್ಲಿ ಬಳಕೆಗೆ ಬಂದಿತು. ತನ್ನ ಕೆಲಸದ ನಡುವೆ ಅದು ಸದ್ದಿಲ್ಲದೆ ಅಸಂಖ್ಯ ಕಡತಗಳನ್ನು ಕೂಡಿಹಾಕುತ್ತದೆ. ಅವು ಸೇರುವ ‘ಲೈಬ್ರರಿ’ ಎಂಬ ಕೋಶವು 2011ರಿಂದೀಚೆಗೆ ಸಾಮಾನ್ಯ ನೋಟಕ್ಕೆ ಕಾಣದಂತೆ ಮರೆಯಾಗಿದೆ. ಹೀಗಾಗಿ ಹತ್ತಾರು ಗಿಗಾಬೈಟುಗಳಷ್ಟು ಸ್ಥಳ ಎಲ್ಲಿ ಹೋಯಿತೆಂದು ತಿಳಿಯದೆ ಬಳಕೆದಾರನು ಬೆರಗಾಗುತ್ತಾನೆ.

ಇಂಥ ಹೊತ್ತಿನಲ್ಲಿ ದೊಡ್ಡದಾಗಿ ಕಂಡದ್ದನ್ನೆಲ್ಲ ತೆಗೆದುಹಾಕುವ ಆತುರ ಸಹಜ. ಹಬ್ಬದ ಮುನ್ನ ಅಟ್ಟವನ್ನು ಶುಚಿಮಾಡುವ ಗೃಹಸ್ಥನು ಹಳೆಯ ಪೆಟ್ಟಿಗೆಯನ್ನು ತೆರೆದೂ ನೋಡದೆ ಗುಜರಿಗೆ ಹಾಕಿ, ಆಮೇಲೆ ಜಮೀನಿನ ಪತ್ರಕ್ಕಾಗಿ ಪರದಾಡುವುದುಂಟು. ಕಡತವು ಎಷ್ಟು ಸ್ಥಳವನ್ನು ಹಿಡಿದಿದೆ ಎಂಬುದಕ್ಕಿಂತ, ಅದು ಹೋದರೆ ಮತ್ತೆ ದೊರೆಯುವುದೇ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ.

‘ಡಿರೈವ್ಡ್ ಡೇಟಾ’ ಎಂಬ ಕೋಶದ ವಿಷಯದಲ್ಲಿ ಉತ್ತರ ಸುಲಭ. ಹೆಸರೇ ಸೂಚಿಸುವಂತೆ ಅದು ಬೇರೊಂದರಿಂದ ಹುಟ್ಟಿದ್ದು. ಮೂಲ ಬರಹವನ್ನು ಯಂತ್ರಭಾಷೆಗೆ ತಿರುಗಿಸುವಾಗ ಉಂಟಾದ ನಡುಹಂತದ ಕಡತಗಳೂ ಸೂಚಿಗಳೂ ಅದರಲ್ಲಿರುತ್ತವೆ. ಮೂಲ ಬರಹ ಕ್ಷೇಮವಾಗಿದ್ದರೆ ಇದನ್ನು ನಿಶ್ಚಿಂತೆಯಿಂದ ಅಳಿಸಬಹುದು. ಮುಂದಿನ ಸಲ ತಂತ್ರಾಂಶವನ್ನು ಸಿದ್ಧಪಡಿಸುವಾಗ ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟೆ. ಕೆಲವು ವಿಚಿತ್ರ ದೋಷಗಳು ಇದನ್ನು ಅಳಿಸಿದೊಡನೆ ಮಾಯವಾಗುವುದರಿಂದ, ಇದೇ ಸರ್ವರೋಗಕ್ಕೂ ಮದ್ದೆಂದು ನಂಬಿದವರೂ ಇದ್ದಾರೆ! ಪರೀಕ್ಷೆಗೆಂದು ಗಣಕದಲ್ಲೇ ಸೃಷ್ಟಿಸಿದ ಕೃತಕ ಫೋನುಗಳೂ ಬೇಡವಾದಾಗ ತೆಗೆಯತಕ್ಕವೇ. ಅವುಗಳೊಳಗೆ ತುಂಬಿದ ಪರೀಕ್ಷಾ ಮಾಹಿತಿ ಮಾತ್ರ ಜೊತೆಯಲ್ಲೇ ಹೋಗುತ್ತದೆ.

‘ಡಿವೈಸ್ ಸಪೋರ್ಟ್’ ಕೋಶದ ಮಾತು ಅಷ್ಟು ಸರಳವಲ್ಲ. ನಿಜವಾದ ಫೋನನ್ನು ಗಣಕಕ್ಕೆ ಜೋಡಿಸಿದಾಗ, ಎಕ್ಸ್‌ಕೋಡ್ ಅದರ ಕಾರ್ಯಾಚರಣ ವ್ಯವಸ್ಥೆಯ ಸಂಕೇತಗಳನ್ನು ನಕಲು ಮಾಡಿಕೊಳ್ಳುತ್ತದೆ. ಆವೃತ್ತಿಗೊಂದರಂತೆ ಬೆಳೆಯುವ ಈ ಕೋಶಗಳು ಒಂದೊಂದೂ ಹಲವು ಗಿಗಾಬೈಟುಗಳಷ್ಟಿರುತ್ತವೆ. ಅದೇ ಆವೃತ್ತಿಯ ಫೋನನ್ನು ಪುನಃ ಜೋಡಿಸಿದರೆ ಅಳಿಸಿದ ಸಂಕೇತಗಳು ಮರಳಿ ಬರುತ್ತವೆ, ನಿಜ. ಆದರೆ ಆ ಫೋನು ಈಗಾಗಲೇ ಹೊಸ ಆವೃತ್ತಿಗೆ ಏರಿದ್ದರೆ? ಹಳೆಯ ಆವೃತ್ತಿಗೆ ಆಪಲ್ ನೀಡುವ ಒಪ್ಪಿಗೆ ಕೆಲಕಾಲದ ಮೇಲೆ ನಿಲ್ಲುವುದರಿಂದ ಅದನ್ನು ಹಿಂದಕ್ಕೆ ಇಳಿಸಲಾಗದು. ಬಳಸುವವರಲ್ಲಿ ಹಲವರು ಹಳೆಯ ಆವೃತ್ತಿಯಲ್ಲೇ ಉಳಿದಿರುವಾಗ ಆ ಕೋಶವನ್ನು ಕಾಯ್ದಿಡುವುದು ಲೇಸು.

ಇನ್ನು ‘ಆರ್ಕೈವ್ಸ್’. ಹೊರಗೆ ಬಿಡುಗಡೆಯಾಗುವ ಪ್ರತಿಯೊಂದು ಆವೃತ್ತಿಯೂ ಇಲ್ಲಿ ‘ಡಿಸಿಮ್’ ಎಂಬ ಕಡತದೊಡನೆ ಇರುತ್ತದೆ. ದೂರದ ಊರಿನಲ್ಲಿ ಯಾರದೋ ಫೋನಿನಲ್ಲಿ ತಂತ್ರಾಂಶವು ಹಠಾತ್ತನೆ ನಿಂತುಹೋಯಿತೆನ್ನಿ. ಆಗ ರಚನಕಾರನ ಕೈಸೇರುವ ವರದಿಯಲ್ಲಿ ಅಂಕಿ ಅಕ್ಷರಗಳು ಬೆರೆತ ವಿಳಾಸಗಳ ಸಾಲುಗಳಷ್ಟೇ ಇರಬಹುದು. ಯಾವ ವಿಳಾಸವು ಮೂಲ ಬರಹದ ಯಾವ ಸಾಲಿಗೆ ಸಲ್ಲುತ್ತದೆ ಎಂಬುದನ್ನು ಡಿಸಿಮ್ ತಿಳಿಸುತ್ತದೆ. ಕಳೆದುಹೋದರೆ ಮತ್ತೆ ತಯಾರಿಸೋಣವೆಂದರೆ, ತಯಾರಾಗುವ ಪ್ರತಿಗೂ ಅದರ ಡಿಸಿಮ್‌ಗೂ ಒಂದೇ ಗುರುತುಸಂಖ್ಯೆ ಇರಬೇಕು. ಇಂದು ತಯಾರಿಸಿದ್ದು ಅಂದು ಬಿಡುಗಡೆ ಮಾಡಿದ್ದಕ್ಕೆ ಹೊಂದುವ ಭರವಸೆಯಿಲ್ಲ. ಬೇರೆಡೆ ಪ್ರತಿ ಇಲ್ಲದವನು ದೋಷವನ್ನು ಊಹೆಯಿಂದಲೇ ಹುಡುಕಬೇಕಾಗುತ್ತದೆ. ಸ್ಥಳದ ಅಭಾವವೇ ಇದ್ದಲ್ಲಿ ಈ ಕೋಶವನ್ನು ಹೊರಗಿನ ಡಿಸ್ಕಿಗೆ ಸಾಗಿಸಿಡಬಹುದು.

ಅಳಿಸಿದ ಕಡತವು ಮೊದಲು ಕಸದಬುಟ್ಟಿಗೆ ಹೋಗುತ್ತದೆ. ಬುಟ್ಟಿಯನ್ನು ಬರಿದು ಮಾಡುವವರೆಗೆ ಸ್ಥಳವೇನೂ ತೆರವಾಗದು. ಅಷ್ಟರೊಳಗೆ ಒಮ್ಮೆ ತಂತ್ರಾಂಶವನ್ನು ಸಿದ್ಧಪಡಿಸಿ, ಹಳೆಯ ವರದಿಯೊಂದನ್ನು ತೆರೆದು ಓದಿ ನೋಡುವುದಕ್ಕೆ ಬಿಡುವು ಇರುತ್ತದೆ.